ಕೌದಿಗೂ ಒಂದು ಧಾರಣೆ ಬೇಕು

ನಮ್ಮ ಸಾಗರದ ಕಡೆ ಯಾರ ಮನೆಗೆ ಹೋಗಿ ಕೇಳಿದರೂ ಇವತ್ತಿನ ಅಡಿಕೆ ಧಾರಣೆ ಹೇಳುತ್ತಾರೆ. ರಾಶಿ ಇಷ್ಟು, ಚಾಲಿ ಇಷ್ಟು, ಸಿಪ್ಪೆಗೋಟು ಇಷ್ಟು ಅಂತ ಒಂದೊಂದು ಬಗೆಯ ಅಡಿಕೆಗೂ. ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರುತ್ತದೆ. ಅದೇ ಮನೆಯಲ್ಲಿ ಒಂದು ಕೌದಿಗೆ, ಅಂದರೆ ಹಳೇ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಲ್ಲಿ ಹೊಲಿದ ಹೊದಿಕೆಗೆ, ಎಷ್ಟಾಗಬಹುದು ಅಂತ ಕೇಳಿ ನೋಡಿ. ಒಬ್ಬರು ಐನೂರು ಅನ್ನುತ್ತಾರೆ, ಇನ್ನೊಬ್ಬರು ಸಾವಿರ ಅನ್ನುತ್ತಾರೆ. ಹಳೇ ಸೀರೆ ತಾನೇ, ನೂಲಿನ ದುಡ್ಡು ಕೊಟ್ಟರೆ ಸಾಕಲ್ವಾ ಅನ್ನುವವರೂ ಇದ್ದಾರೆ.

ಅದು ಅವರ ತಪ್ಪಲ್ಲ. ಬಯಲುಸೀಮೆ ಕಡೆ ಮನೆ ಮನೆಗೆ ಹೋಗಿ ಕೌದಿ ಹೊಲಿದು ಕೂಲಿ ಪಡೆಯುವ ಹೆಂಗಸರಿದ್ದಾರೆ. ನಮ್ಮಲ್ಲಿ ಹಾಗಿರಲಿಲ್ಲ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಜಗಲಿಯಲ್ಲಿ ಹಳೇ ಸೀರೆ ಹಾಸಿಕೊಂಡು ಅತ್ತೆ ಹೊಲಿಯುತ್ತಿದ್ದರು, ಅವರ ಪಕ್ಕ ಕೂತು ನಾನೂ ಕಲಿತೆ. ಅಜ್ಜಿ ಹೊಲಿದ ಕೌದಿಗೆ, ಅತ್ತೆ ಹೊಲಿದ ಕೌದಿಗೆ ಯಾರೂ ದುಡ್ಡು ಕೊಟ್ಟಿಲ್ಲ. ಕೊಟ್ಟು ಗೊತ್ತಿಲ್ಲದವರಿಗೆ ಎಷ್ಟು ಕೊಡಬೇಕು ಅನ್ನುವ ಅಂದಾಜು ಎಲ್ಲಿಂದ ಬರಬೇಕು?

ಹದಿನಾಲ್ಕು ವರ್ಷದಿಂದ ಕೌದಿ ಹೊಲಿದು ಮಾರುತ್ತಿದ್ದೇನೆ. ಬೇಕು ಅಂದು, ಆಮೇಲೆ ಬೇಡ ಅಂದವರನ್ನು ತುಂಬಾ ನೋಡಿದ್ದೇನೆ. ಬೆಲೆ ಜಾಸ್ತಿಯಾಯಿತು ಅಂತ ಹೋದವರಿಗಿಂತ, ಬೆಲೆ ತಡವಾಗಿ ತಿಳಿದು ಹೋದವರೇ ಹೆಚ್ಚು. ಹೊಸದಾಗಿ ಕೌದಿ ಮಾರಲು ಹೊರಟ ಅಕ್ಕತಂಗಿಯರು ನನ್ನನ್ನು ಕೇಳಿದಾಗಲೆಲ್ಲ ಮೊದಲು ಇದನ್ನೇ ಹೇಳುತ್ತೇನೆ. ಬೆಲೆಯನ್ನು ಮೊದಲು ಹೇಳಿ, ಬಟ್ಟೆಯ ಮಾತು ಆಮೇಲೆ ಆಡಿ.

ನಾನು ಇದನ್ನು ಕಲಿತದ್ದು ಆರು ಸೀರೆಗಳಿಂದ. ಮಾರಲು ಶುರು ಮಾಡಿದ ಮೂರನೇ ವರ್ಷ ಅದು. ಬೆಂಗಳೂರಿನಲ್ಲಿರುವ ಒಬ್ಬ ಅಕ್ಕ, ತೀರಿಕೊಂಡ ತಮ್ಮ ಅಮ್ಮನ ಆರು ಸೀರೆ ಕಳಿಸಿದರು. ಎಲ್ಲಾ ನೂಲಿನ ಸೀರೆ, ಅದರಲ್ಲಿ ಒಂದು ಇಳಕಲ್. ಬಿಚ್ಚಿದರೆ ಮಡಿಕೆಯಲ್ಲಿ ಇನ್ನೂ ಪೆಟ್ಟಿಗೆಯ ವಾಸನೆ. ಇಳಕಲ್ ಸೀರೆಯ ಸೆರಗಿನ ಒಂದು ತುದಿ ಸುಕ್ಕುಗಟ್ಟಿ ತೆಳ್ಳಗಾಗಿತ್ತು. ಕೈಯಲ್ಲಿ ಹಿಡಿದು ನೋಡಿದ ಮೇಲೆ ಗೊತ್ತಾಯಿತು, ಆ ಅಮ್ಮ ಅಲ್ಲಿ ಚಿಲ್ಲರೆ ಗಂಟು ಹಾಕಿಕೊಳ್ಳುತ್ತಿದ್ದರು. ಗಂಟು ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಬಟ್ಟೆ ಅಲ್ಲಿ ಮಾತ್ರ ಸವೆದಿತ್ತು. ಬೇರೆಯವರಾದರೆ ಸವೆದ ತುಂಡು ಅಂತ ಕತ್ತರಿಸಿ ಬಿಸಾಡುತ್ತಿದ್ದರೇನೋ. ನಾನು ಕೆಳಗೆ ಗಟ್ಟಿ ಬಟ್ಟೆ ಕೊಟ್ಟು ಅದನ್ನು ಕೌದಿಯ ನಟ್ಟನಡುವೆ ಕೂರಿಸಿದೆ.

ಫೋನಿನಲ್ಲಿ ಬಣ್ಣದ ಮಾತಾಯಿತು, ಅಳತೆಯ ಮಾತಾಯಿತು, ಅಮ್ಮನ ಮಾತಂತೂ ತುಂಬಾ ಆಯಿತು. ದುಡ್ಡಿನ ಮಾತು ಮಾತ್ರ ಬರಲಿಲ್ಲ. ತೀರಿಕೊಂಡವರ ಸೀರೆ ಮುಂದಿಟ್ಟುಕೊಂಡು ದುಡ್ಡಿನ ಮಾತು ಹೇಗೆ ಎತ್ತಲಿ ಅನ್ನಿಸಿತು. ಇಪ್ಪತ್ತು ದಿನ ಹೊಲಿದೆ. ಮುಗಿದ ಮೇಲೆ ಫೋಟೋ ಕಳಿಸಿ, 2,800 ರೂಪಾಯಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಾನು ಒಂದು ಸಾವಿರ ಅಂದ್ಕೊಂಡಿದ್ದೆ. ಸೀರೆ ನಮ್ದೇ ಅಲ್ವಾ? ಅಷ್ಟೆಲ್ಲ ಆಗಲ್ಲ, ಬೇಡ ಬಿಡಿ" ಅಂದರು.

ಆ ಕೌದಿಯನ್ನು ನಾನು ಬೇರೆ ಯಾರಿಗೆ ಮಾರಲಿ? ಯಾರದೋ ಅಮ್ಮನ ಸೆರಗಿನ ಗಂಟು ಅದರ ನಡುವೆ ಇದೆ. 1,300ಕ್ಕೆ ಕೊಟ್ಟೆ. ಕೊಟ್ಟದ್ದಕ್ಕೆ ಈಗಲೂ ಬೇಸರವಿಲ್ಲ, ಆ ಸೀರೆಗಳು ಆ ಮನೆಗೇ ಹೋಗಬೇಕಿತ್ತು. ಆದರೆ ಕತ್ತರಿ ಹಾಕುವ ಮೊದಲು ಬೆಲೆ ಹೇಳದೇ ಇದ್ದದ್ದು ನನ್ನ ತಪ್ಪು. ನಷ್ಟವಾದದ್ದು ನನಗೊಬ್ಬಳಿಗೇ ಅಲ್ಲ. ಅಮ್ಮನ ಸೀರೆಯ ಮೇಲೆ ಚೌಕಾಸಿ ಮಾಡಬೇಕಾದ ಕಷ್ಟಕ್ಕೆ ಅವರನ್ನೂ ನಾನೇ ಸಿಕ್ಕಿಸಿದೆ. ಮೊದಲೇ ಹೇಳಿದ್ದರೆ ಸಣ್ಣದೊಂದು ತೊಟ್ಟಿಲ ಕೌದಿ ಸಾಕು ಅನ್ನುತ್ತಿದ್ದರೋ ಏನೋ.

ಧಾರಣೆ ಕಟ್ಟುವ ಬಗೆ

ಬೆಲೆ ಮೊದಲೇ ಹೇಳಬೇಕಾದರೆ ಬೆಲೆ ನಮಗೆ ಗೊತ್ತಿರಬೇಕು. ತುಂಬಾ ಜನ ಹೆಂಗಸರು ಇಲ್ಲೇ ಎಡವುತ್ತಾರೆ. ಅಂದಾಜಿನ ಮೇಲೆ ಹೇಳುತ್ತಾರೆ, ಗಿರಾಕಿ ಮುಖ ಸಣ್ಣಗೆ ಮಾಡಿದ ತಕ್ಷಣ ಅಂದಾಜು ಅಲ್ಲಾಡಿಬಿಡುತ್ತದೆ. ಲೆಕ್ಕ ಇದ್ದರೆ ಅಲ್ಲಾಡುವುದಿಲ್ಲ.

ಒಂದು ಕೌದಿ ಹೊಲಿಯುವಾಗ ಗಡಿಯಾರ ನೋಡಿ ಬರೆದಿಡಿ. ಒಂದೇ ಕೌದಿಗೆ ಬರೆದರೆ ಸಾಕು. ನಾನು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದೆ. ಕೂತಾಗ ಒಂದು ಗೀಟು, ಎದ್ದಾಗ ಒಂದು ಗೀಟು. ಹಾಲು ಕರೆಯಲು ಎದ್ದದ್ದು, ಒಲೆಗೆ ಸೌದೆ ಹಾಕಲು ಎದ್ದದ್ದು ಎಲ್ಲಾ ಬಿಟ್ಟು, ಬರೀ ಹೊಲಿದ ಹೊತ್ತು.

ನನ್ನ ಲೆಕ್ಕ ಹೀಗಿದೆ. ಅಗಲ 5 ಅಡಿ, ಉದ್ದ 7 ಅಡಿಯ ಕೌದಿ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಒಂದು ಬೆರಳಿನ ಅಂತರ, ಅಂದರೆ ಮುಕ್ಕಾಲು ಇಂಚು. 5 ಅಡಿ ಅಗಲದಲ್ಲಿ 80 ಸಾಲು ಬರುತ್ತದೆ. ಒಂದೊಂದು ಸಾಲೂ 7 ಅಡಿ. ಒಟ್ಟು 560 ಅಡಿ ಹೊಲಿಗೆ. ಮೂರು ಪದರದ ಬಟ್ಟೆಯಲ್ಲಿ ನನ್ನ ಕೈ ಗಂಟೆಗೆ 10 ಅಡಿ ಓಡುತ್ತದೆ. ಹಾಗಾಗಿ 56 ಗಂಟೆ. ಸೀರೆ ತೊಳೆದು ಒಣಗಿಸುವುದು, ತುಂಡು ಕತ್ತರಿಸಿ ಜೋಡಿಸುವುದು, ಅಂಚು ಮಡಿಚುವುದು ಇದಕ್ಕೆಲ್ಲ ಇನ್ನೊಂದು 10 ಗಂಟೆ. ಒಟ್ಟು 66.

ಗಂಟೆಗೆ ಎಷ್ಟು ಅಂತ ಹಿಡಿಯಬೇಕು? 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಆಯಿತು. ಎಂಟು ಗಂಟೆಗೆ ಹಂಚಿದರೆ 46 ರೂಪಾಯಿ ಚಿಲ್ಲರೆ. ನಾನು 45 ಹಿಡಿದಿದ್ದೇನೆ. 66 ಗಂಟೆಗೆ 2,970 ರೂಪಾಯಿ. ಕೆಳಗಿನ ಪದರಕ್ಕೆ ಹಾಕುವ ಹೊಸ ಬಟ್ಟೆ, ನೂಲು ಸೇರಿ 480. ಅಲ್ಲಿಗೆ 3,450 ಆಯಿತು. ಸೂಜಿ, ಸಾಬೂನು, ಓಡಾಟ ಸೇರಿಸಿ 3,600 ಅಂತ ಹೇಳುತ್ತೇನೆ. ನಿಮ್ಮ ಕೈ ಇನ್ನೂ ಚುರುಕಾಗಿದ್ದರೆ ಗಂಟೆ ಕಡಿಮೆ ಬರಬಹುದು. ಆಗ ಗಂಟೆಯ ಕೂಲಿ ಜಾಸ್ತಿ ಹಿಡಿಯಿರಿ, ಒಟ್ಟು ಬೆಲೆ ಇಳಿಸಬೇಡಿ. ಚುರುಕು ಕೈ ಸುಮ್ನೆ ಬರಲ್ಲ.

ಇದನ್ನು ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ಹಾಕಿ. ನಾನು ಮೂರೇ ಸಾಲು ಬರೆದಿದ್ದೇನೆ. ತೊಟ್ಟಿಲ ಕೌದಿ 950, ಎರಡು ಬೆರಳಿನ ದೊಡ್ಡ ಕೌದಿ 2,300, ಒಂದು ಬೆರಳಿನ ದೊಡ್ಡ ಕೌದಿ 3,600. ಫೋನಿನಲ್ಲಿ ಕೇಳಿದವರಿಗೆ ಆ ರಟ್ಟಿನ ಫೋಟೋವನ್ನೇ ಮೊದಲು ಕಳಿಸುತ್ತೇನೆ. ಕೌದಿಯ ಚಂದದ ಫೋಟೋ ಎರಡನೆಯದು. ಹೆಗ್ಗೋಡಿನಲ್ಲಿ ಚರಕ ಅನ್ನುವ ಹೆಂಗಸರ ಕೈಮಗ್ಗದ ಸಂಘವಿದೆ, ಅಲ್ಲಿನ ಬಟ್ಟೆಗೆ ಬೆಲೆಚೀಟಿ ಇರುತ್ತದೆ, ಅದೂ ಹೆಂಗಸರ ಕೈಕೆಲಸವೇ. ಅಲ್ಲಿ ಚೀಟಿ ನೋಡಿ ಕೊಳ್ಳುವವರು ನಮ್ಮ ಜಗಲಿಗೆ ಬಂದಾಗ ಚೌಕಾಸಿ ಮಾಡುತ್ತಾರೆ ಅಂದರೆ, ನಮ್ಮ ಹತ್ತಿರ ಚೀಟಿ ಇಲ್ಲ, ಅಷ್ಟೇ.

ಬೆಲೆ ಹೇಳಿದ ಮೇಲೆ

ಬೆಲೆ ಹೇಳಿ ಸುಮ್ಮನಿರಿ. ಇದು ಬಹಳ ಕಷ್ಟ. ಎದುರಿನವರು ಯೋಚನೆ ಮಾಡುತ್ತಿರುವ ಆ ಅರ್ಧ ನಿಮಿಷ ನಮಗೆ ತಡೆಯಲಾಗುವುದಿಲ್ಲ. ಬಾಯಿಗೆ ಬಂದೇಬಿಡುತ್ತದೆ, "ನೋಡಿ ಕೊಡಿ." ನಮ್ಮ ಕಡೆ ಹೆಂಗಸರಿಗೆ ಈ ಮಾತಿನಿಂದ ಆದಷ್ಟು ನಷ್ಟ ಇನ್ಯಾವುದರಿಂದಲೂ ಆಗಿಲ್ಲ. ನಾವು ಸಂಕೋಚಕ್ಕೆ ಅನ್ನುತ್ತೇವೆ. ಕೇಳಿದವರಿಗೆ ಮಾತ್ರ, ಓಹೋ, ಇವರು ಹೇಳಿದ ಬೆಲೆ ನಿಜವಾದ ಬೆಲೆ ಅಲ್ಲ ಅಂತ ಕೇಳಿಸುತ್ತದೆ. ಆಮೇಲೆ ಎಷ್ಟಕ್ಕೆ ಕೊಟ್ಟರೂ, ಇನ್ನೂ ಕಡಿಮೆಗೆ ಸಿಗುತ್ತಿತ್ತೇನೋ ಅನ್ನುವ ಅನುಮಾನ ಅವರಿಗೆ ಹೋಗುವುದಿಲ್ಲ. ಎಷ್ಟೋ ಜನ ಆ ಅನುಮಾನಕ್ಕೇ ಹಿಂದೆ ಸರಿಯುತ್ತಾರೆ.

ಮುಂದೆ ಬರುವ ಮಾತು ಸಾಮಾನ್ಯವಾಗಿ ಒಂದೇ. "ಇಷ್ಟಾ? ಅಂಗಡೀಲಿ ಎಂಟುನೂರಕ್ಕೆ ಒಳ್ಳೇ ಬ್ಲಾಂಕೆಟ್ ಬರುತ್ತಲ್ಲ."

"ಹೌದಕ್ಕ, ಬರುತ್ತೆ. ಬೆಚ್ಚಗೂ ಇರುತ್ತೆ. ಬರೀ ಹೊದಿಯೋಕೆ ಬೇಕಾದ್ರೆ ಅದನ್ನೇ ತಗೊಳ್ಳಿ."

ಇದನ್ನು ನಾನು ಮನಸ್ಸಿನಿಂದಲೇ ಹೇಳುತ್ತೇನೆ. ಅಂಗಡಿಯ ಬ್ಲಾಂಕೆಟ್ಟನ್ನು ಯಾಕೆ ದೂರಬೇಕು? ನಮ್ಮ ಮನೆಯಲ್ಲೂ ಎರಡಿದೆ. ಆಷಾಢದ ಮಳೆಯಲ್ಲಿ ಅದನ್ನೇ ಹೊದೆಯುತ್ತೇವೆ. ಕೌದಿಯ ಬೆಲೆ ಬೆಚ್ಚಗಿರುವುದಕ್ಕೆ ಮಾತ್ರ ಕೊಡುವ ಬೆಲೆಯಲ್ಲ ಅನ್ನುವುದನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಗೆ ಕೊಟ್ಟು ತೋರಿಸುವುದು ಒಳ್ಳೆಯದು.

ಅದಕ್ಕೆ ಎರಡು ಮಾದರಿ ತುಂಡು ಹೊಲಿದಿಡಿ. ಒಂದೊಂದೂ ಒಂದು ಗೇಣು ಚೌಕ ಇದ್ದರೆ ಸಾಕು. ಒಂದರಲ್ಲಿ ಒಂದು ಬೆರಳಿನ ಸಾಲು, ಇನ್ನೊಂದರಲ್ಲಿ ಎರಡು ಬೆರಳಿನದು. ಎರಡಕ್ಕೂ ಒಂದೇ ಬಟ್ಟೆ, ಒಂದೇ ನೂಲು ಹಾಕಿ. ಎರಡನ್ನೂ ಕೈಗೆ ಕೊಟ್ಟು ಮಡಿಚಲು ಹೇಳಿ. ಒತ್ತಾಗಿ ಹೊಲಿದದ್ದು ಅಂಗೈಯಲ್ಲಿ ಬೇರೆ ಥರ ಕೂರುತ್ತದೆ. ಹೊಲಿಗೆ ಎಳೆದಲ್ಲೆಲ್ಲ ಬಟ್ಟೆ ಸಣ್ಣಗೆ ಉಬ್ಬಿ, ಗದ್ದೆಯ ಬದುಗಳ ಹಾಗೆ ಸಾಲು ಸಾಲಾಗಿ ಏಳುತ್ತದೆ. ತಿರುಗಿಸಿ ಹಿಂಭಾಗ ತೋರಿಸಿ. ಮುಂದೆ ಎಷ್ಟು ಹೊಲಿಗೆ ಕಾಣುತ್ತದೋ ಹಿಂದೆಯೂ ಅಷ್ಟೇ ಕಾಣುತ್ತದೆ. ಅರ್ಧ ಇಂಚಿಗೆ ಒಂದರಂತೆ ಹಿಡಿದರೂ ದೊಡ್ಡ ಕೌದಿಯಲ್ಲಿ ಸೂಜಿ ಹದಿಮೂರು ಸಾವಿರಕ್ಕೂ ಹೆಚ್ಚು ಸಲ ಒಳಗೆ ಹೋಗಿ ಬರುತ್ತದೆ.

ಪುರುಸೊತ್ತು ಇರುವವರು ಬಂದರೆ ಸೂಜಿಯನ್ನೂ ಅವರ ಕೈಗೇ ಕೊಡಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದಲ್ಲ, ಅಲ್ಲಿ ಕೌದಿ ಹರವಿಕೊಂಡು ಕೂತಿದ್ದಾಗ ಒಬ್ಬರು ಮೇಷ್ಟ್ರು ಬೆಲೆ ಕೇಳಿ ತಲೆ ಅಲ್ಲಾಡಿಸಿದರು. ಮಾದರಿ ತುಂಡು ಕೊಟ್ಟು, ಒಂದು ಸಾಲು ಹಾಕಿ ನೋಡಿ ಮೇಷ್ಟ್ರೇ ಅಂದೆ. ಒಂದು ಗೇಣು ಸಾಲಿಗೆ ಅವರಿಗೆ ಹನ್ನೆರಡು ನಿಮಿಷ ಹಿಡಿಯಿತು. ಅವರು ಕೌದಿ ಕೊಳ್ಳಲಿಲ್ಲ. ಆದರೆ ಸಂಜೆ ಹೆಂಡತಿಯನ್ನು ಕರೆದುಕೊಂಡು ಬಂದರು, ಆ ಅಮ್ಮ ಮೊಮ್ಮಗುವಿಗೆ ಒಂದು ತೊಟ್ಟಿಲ ಕೌದಿ ತೆಗೆದುಕೊಂಡರು. ಚೌಕಾಸಿ ಮಾಡಲಿಲ್ಲ.

ಬೆಲೆ ಇಳಿಸಬೇಡಿ, ಕೆಲಸ ಇಳಿಸಿ

ಇಷ್ಟಪಟ್ಟಿದ್ದಾರೆ, ಕೈಯಲ್ಲಿ ಅಷ್ಟು ದುಡ್ಡಿಲ್ಲ. ಇಂಥವರು ನಿಜವಾಗಿಯೂ ಇದ್ದಾರೆ. ಅವರನ್ನು ಬರಿಗೈಯಲ್ಲಿ ಕಳಿಸಲು ನನಗೂ ಮನಸ್ಸು ಬರುವುದಿಲ್ಲ. "ನಿಮ್ಮ ಹತ್ರ ಎಷ್ಟಿದೆ ಅಂತ ಹೇಳಿ ಅಕ್ಕ, ಅದರಲ್ಲಿ ಏನು ಹೊಲೀಬಹುದು ನೋಡೋಣ" ಅನ್ನುತ್ತೇನೆ.

ಸಾಲಿನ ಅಂತರ ಎರಡು ಬೆರಳು ಮಾಡಿದರೆ 80 ಸಾಲು 40ಕ್ಕೆ ಇಳಿಯುತ್ತದೆ. 56 ಗಂಟೆಯ ಹೊಲಿಗೆ 28 ಆಗುತ್ತದೆ. ಅದಕ್ಕೇ ಆ ಕೌದಿ 2,300ಕ್ಕೆ ಬರುತ್ತದೆ. ಅದೇನೂ ಕಳಪೆಯಲ್ಲ, ಹಗುರವಾಗಿರುತ್ತದೆ, ಬೇಸಿಗೆಗೂ ಆಗುತ್ತದೆ. ಕೆಳಗಿನ ಪದರಕ್ಕೆ ಹಾಕುವ ಬಟ್ಟೆ ಅವರೇ ತಂದರೆ ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ. ಮನೆಯಲ್ಲಿ ಹಳೇ ಪಂಚೆ ಇಲ್ಲದವರು ಯಾರಿದ್ದಾರೆ? ಅಳತೆ ಸಣ್ಣದು ಮಾಡಬಹುದು. ಆದರೆ ಏನು ಇಳಿಸಿದೆವು ಅನ್ನುವುದನ್ನು ಮಾದರಿ ತುಂಡು ಹಿಡಿದು ತೋರಿಸಿಯೇ ಒಪ್ಪಿಸಿ. ಒಂದು ಬೆರಳು ಅಂತ ಹೇಳಿ ಒಂದೂವರೆ ಬೆರಳು ಹೊಲಿಯುವುದು ಮೋಸ. ಕೌದಿ ಮೂವತ್ತು ವರ್ಷ ಒಂದು ಮನೆಯಲ್ಲಿ ಇರುವ ವಸ್ತು. ಆ ಮನೆಯವರು ಯಾವತ್ತಾದರೂ ಬೆರಳಿಟ್ಟು ನೋಡಿಯೇ ನೋಡುತ್ತಾರೆ.

ಸುಮ್ನೆ ನೂರು ಇನ್ನೂರು ಬಿಡಬಹುದಲ್ವಾ ಅಂತ ಕೇಳುತ್ತೀರಿ. ಬಿಡಬೇಡಿ. ಇಲ್ಲಿ ಬಿಟ್ಟದ್ದು ಹೊಸನಗರದ ಅವರ ತಂಗಿಗೆ, ತೀರ್ಥಹಳ್ಳಿಯ ಅವರ ಓರಗಿತ್ತಿಗೆ ಮುಟ್ಟುತ್ತದೆ. ಪೂರ್ತಿ ಬೆಲೆ ಕೊಟ್ಟು ಕೊಂಡ ಇನ್ನೊಬ್ಬರಿಗೂ ಮುಟ್ಟುತ್ತದೆ. ಅವರಿಗೆ ನಾವು ಏನು ಹೇಳುವುದು? ನೆಂಟರ ವಿಷಯಕ್ಕೆ ನನ್ನ ಪದ್ಧತಿ ಹೀಗಿದೆ: ಕೊಡುವುದಾದರೆ ಉಡುಗೊರೆ ಅಂತ ಪೂರ್ತಿ ಕೊಡುತ್ತೇನೆ, ಮಾರುವುದಾದರೆ ರಟ್ಟಿನ ಮೇಲಿನ ಬೆಲೆಗೇ ಮಾರುತ್ತೇನೆ. ನಾದಿನಿಯ ಮಗಳ ಬಾಣಂತನಕ್ಕೆ ತೊಟ್ಟಿಲ ಕೌದಿ ಹೊಲಿದು ಬಾಗಿನದ ಜೊತೆ ಇಟ್ಟು ಕೊಟ್ಟೆ. ಅದೇ ನಾದಿನಿ ತನ್ನ ಮನೆಗೆ ದೊಡ್ಡದು ಬೇಕು ಅಂದಾಗ 3,600 ಎಣಿಸಿ ಕೊಟ್ಟಳು. ಇಬ್ಬರಿಗೂ ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ.

ಮುಂಗಡ ಇಲ್ಲದೆ ಕತ್ತರಿ ಹಾಕಬೇಡಿ. ಅರ್ಧ ಮುಂಗಡ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಬಿಡದೆ ವಾಟ್ಸಾಪಿನಲ್ಲಿ ಬರೆದು ಕಳಿಸಿ, ಅವರು "ಸರಿ" ಅಂತ ಬರೆಯುವವರೆಗೆ ಕಾಯಿರಿ. ನಾನು ಕಳಿಸುವುದು ಹೀಗೆ: "ಅಕ್ಕ, ನಿಮ್ಮ ಆರು ಸೀರೆ ತಲುಪಿತು. ಅಳತೆ 5 ಅಡಿ, 7 ಅಡಿ. ಒಂದು ಬೆರಳಿನ ಸಾಲು. ಒಟ್ಟು 3,600. ಈಗ 1,800, ಮುಗಿದ ಮೇಲೆ 1,800. ಬಸ್ ಪಾರ್ಸಲ್ ಖರ್ಚು ನಿಮ್ಮದು. ಕತ್ತರಿ ಹಾಕುವ ಮೊದಲು ಬೇಡ ಅಂದರೆ ಮುಂಗಡ ಪೂರ್ತಿ ವಾಪಸ್. ಹಾಕಿದ ಮೇಲೆ ವಾಪಸ್ ಇಲ್ಲ." ಮುಂಗಡ ಬಂದ ಮೇಲೂ ಎರಡು ದಿನ ಬಿಟ್ಟು, "ನಾಳೆ ಕತ್ತರಿ ಹಾಕ್ತೀನಿ ಅಕ್ಕ" ಅಂತ ಒಂದು ಮಾತು ತಿಳಿಸುತ್ತೇನೆ. ಹಿಂದೆ ಸರಿಯುವವರು ಆವತ್ತೇ ಸರಿಯಲಿ. ಸೀರೆ ಇನ್ನೂ ಇಡಿಯಾಗಿಯೇ ಇರುತ್ತದಲ್ಲ.

"ಅಡಿಕೆ ಮಾರಿದ ಮೇಲೆ ಕೊಡ್ತೀನಿ" ಅನ್ನುವ ಮಾತು ನಮ್ಮ ಕಡೆ ಬಂದೇ ಬರುತ್ತದೆ. ಗುರುತಿನವರಾದರೆ ಬಾಕಿ ಅರ್ಧಕ್ಕೆ ಒಪ್ಪಿಕೊಳ್ಳುತ್ತೇನೆ, ಮೊದಲ ಅರ್ಧಕ್ಕಿಲ್ಲ. ಮಳೆಗಾಲದಲ್ಲಿ ತೋಟದವರ ಕೈಯಲ್ಲಿ ದುಡ್ಡು ಓಡಾಡುವುದಿಲ್ಲ. ಆಗ ಬಂದವರಿಗೆ ಕೌದಿ ತೋರಿಸಿ, ಹೆಸರು ಬರೆದುಕೊಂಡು, ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ಒಂದು ಸಲ ನೆನಪು ಮಾಡಿ. ಹೇಗೂ ಮಳೆಗಾಲದಲ್ಲಿ ತೊಳೆದ ಸೀರೆ ಒಣಗುವುದಿಲ್ಲ, ಬಚ್ಚಲ ಒಲೆಯ ಮೇಲೆ ಹರವಿದರೂ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ.

ಮುಂಗಡ ಕೊಟ್ಟು, ಕೌದಿ ಮುಗಿದ ಮೇಲೆ ಬೇಡ ಅನ್ನುವವರು ಈಗ ನನಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗೇನಾದರೂ ಆದರೆ ಆ ಮನೆಯ ಸೀರೆಯ ಕೌದಿಯನ್ನು ಬೇರೆಯವರಿಗೆ ಮಾರಲು ಹೋಗಬೇಡಿ. ಒಂದು ವರ್ಷ ಇಟ್ಟುಕೊಳ್ಳುತ್ತೇನೆ ಅಂತ ತಿಳಿಸಿ, ಬೇವಿನ ಸೊಪ್ಪು ಹಾಕಿ ಪೆಟ್ಟಿಗೆಯಲ್ಲಿಡಿ. ಬಿಸಿಲು ಬಂದಾಗ ತೆಗೆದು ಒಣಗಿಸಿ. ನಮ್ಮದೇ ಬಟ್ಟೆಯಲ್ಲಿ ಹೊಲಿದದ್ದಾದರೆ ಯೋಚನೆಯೇ ಇಲ್ಲ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೋ ಹತ್ತಿರದ ಹೋಂಸ್ಟೇಯವರಿಗೋ ಹೋಗುತ್ತದೆ.

ಕತ್ತರಿ ಹಾಕುವ ಮೊದಲೇ ಬೇಡ ಅಂದವರ ಸೀರೆಯನ್ನು ಮಾತ್ರ ತಡಮಾಡದೆ ಕಳಿಸಿಬಿಡಿ. ನಾನು ಬಂದ ಮಡಿಕೆಯಲ್ಲೇ ಮಡಿಚಿ, ಹಳೇ ಪಂಚೆಯಲ್ಲಿ ಸುತ್ತಿ, ಎಷ್ಟು ಸೀರೆ, ಯಾವ ಬಣ್ಣ ಅಂತ ಚೀಟಿ ಬರೆದಿಟ್ಟು ಬಸ್ಸಿಗೆ ಹಾಕುತ್ತೇನೆ. ಕಟ್ಟುವ ಮೊದಲು ಎಲ್ಲಾ ಸೀರೆಗಳನ್ನೂ ಹರವಿ ಒಂದು ಫೋಟೋ ತೆಗೆದು ಕಳಿಸುತ್ತೇನೆ. ಕಳೆದ ಶ್ರಾವಣದಲ್ಲಿ ಹಾಗೆ ನಾಲ್ಕು ಸೀರೆ ವಾಪಸ್ ಹೋಯಿತು. ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಅದೇ ಪಂಚೆಯಲ್ಲಿ ಸುತ್ತಿಕೊಂಡು ಅದೇ ನಾಲ್ಕರ ಪೈಕಿ ಎರಡು ಸೀರೆ ಬಂತು. ಜೊತೆಗೆ ಒಂದು ಚೀಟಿ: "ತೊಟ್ಟಿಲ ಕೌದಿ, 950. ಮುಂಗಡ ಫೋನಿಗೆ ಹಾಕಿದೀನಿ, ನೋಡಿ."